ಪಂಚರ್ ಪಾಷಣ್ಣನ ತೆಪ್ಪ

ಕುಣಿಗಲ್ ದೊಡ್ಡಕೆರೆಯ ಏರಿ ಶುರುವಾಗುವ ಕಡೆ, ಹೈವೇ ಊರೊಳಗೆ ತಿರುಗುವ ಮೂಲೆಯಲ್ಲಿ ಒಂದು ಹೊಂಗೆ ಮರ. ಅದರ ಕೊಂಬೆಗೆ ನೇತುಬಿದ್ದ ಸವೆದ ಲಾರಿ ಟೈರೇ ಅಕ್ರಂ ಪಾಷಾನ ಪಂಚರ್ ಅಂಗಡಿಯ ಬೋರ್ಡು. ಬೇರೆ ಬೋರ್ಡು ಬೇಕಾಗಿಯೂ ಇರಲಿಲ್ಲ. ಮಂಗಳೂರು ಕಡೆಯಿಂದ ಬರುವ ಲಾರಿಯವರಿಂದ ಹಿಡಿದು ಹುತ್ರಿದುರ್ಗದಿಂದ ಸಂತೆಗೆ ಬರುವ ಮೊಪೆಡ್ ಗಿರಾಕಿಗಳವರೆಗೆ ಎಲ್ಲರಿಗೂ ಅವನು ಗೊತ್ತು. ಎಲ್ಲರ ಬಾಯಲ್ಲೂ ಪಾಷಣ್ಣ.

ಈ ಪಾಷಣ್ಣನಿಗೊಂದು ಕಾಯಿಲೆಯಿತ್ತು. ಯಾರೇನು ಕೇಳಿದರೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ನಡುದಾರಿಯಲ್ಲಿ ಕೆಟ್ಟು ನಿಂತವನು ಬಂದು ತಲೆ ಕೆರೆದುಕೊಂಡರೆ "ನಾನಿದೀನಿ ನಡೀರಿ" ಅಂದು ಜಾಕು ಹೊತ್ತುಕೊಂಡು ಹೊರಡುವನು. ಮದುವೆ ಮನೆಯವರು ಪೆಟ್ರೋಮ್ಯಾಕ್ಸಿಗೆ ಗಾಳಿ ನಿಲ್ಲುತ್ತಿಲ್ಲ ಅಂದರೂ "ನಾನಿದೀನಿ, ತನ್ನಿ ಇಲ್ಲಿ." ಪೆಟ್ರೋಮ್ಯಾಕ್ಸಿಗೂ ಪಂಚರಿಗೂ ಏನ್ರೀ ಸಂಬಂಧ? ಆದರೂ ಇದ್ದ. ಹೀಗೆ ಎಲ್ಲರಿಗೂ ಇದ್ದೂ ಇದ್ದೂ, ಊಟದ ಹೊತ್ತಿಗೆ ಮಾತ್ರ ಮನೆಯಲ್ಲಿ ಇರುತ್ತಿರಲಿಲ್ಲ.

ಮನೆಯೊಳಗೆ ಅವರದು ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಸಿಟ್ಟು ಬಂದಾಗ ಮಾತ್ರ ಹೆಂಡತಿ ಖುರ್ಷಿದಾ ಬೇಗಂ ಮನೆಯೊಳಗೂ ಕನ್ನಡದಲ್ಲೇ ಬೈಯುತ್ತಿದ್ದಳು, ಅಕ್ಕಪಕ್ಕದವರಿಗೂ ಅರ್ಥವಾಗಲಿ ಅಂತ. ಅಂಗಡಿಯ ಮಗ್ಗುಲಲ್ಲೇ ಅವಳದೊಂದು ಟೀ ಒಲೆ. ಟ್ಯೂಬಿಗೆ ಪ್ಯಾಚು ಒಣಗುವ ತನಕ ಡ್ರೈವರುಗಳು ಅವಳ ಟೀ ಕುಡಿಯುತ್ತಿದ್ದರು. ಗಂಡನ ಗಾಳಿ, ಹೆಂಡತಿಯ ಟೀ, ಹೀಗೆ ತೊಂಬತ್ತರ ದಶಕ ಪೂರ್ತಿ ಸಂಸಾರ ಚೆನ್ನಾಗಿಯೇ ಉರುಳಿತು.

ಆಮೇಲೆ ಬೈಪಾಸು ಅನ್ನುವ ಮಾತು ಬಂತು.

ಮೊದಮೊದಲು ಯಾರೂ ನಂಬಲಿಲ್ಲ. ಆದರೆ ಎರಡು ಸಾವಿರದ ಐದರ ಬೇಸಿಗೆಯಲ್ಲಿ ಯಾರೋ ಬಂದು ಊರಾಚೆಯ ಹೊಲಗಳಲ್ಲಿ ದುರ್ಬೀನು ನಿಲ್ಲಿಸಿ, ಅಳೆದು, ಹಳದಿ ಬಣ್ಣ ಬಳಿದ ಕಲ್ಲು ನೆಟ್ಟು ಹೋದರು. ಪಾಷಾ ಸೈಕಲ್ ಹತ್ತಿ ಹೋಗಿ ಆ ಕಲ್ಲುಗಳನ್ನು ಕಣ್ಣಾರೆ ನೋಡಿಕೊಂಡು ಬಂದ. ಕಲ್ಲಿನ ಸಾಲು ಊರಿನ ಹೊರಗಿಂದ ಹೊರಗೇ ಹೋಗಿತ್ತು. ಇನ್ನೆರಡು ವರ್ಷವೋ ಮೂರು ವರ್ಷವೋ, ಲಾರಿಗಳೆಲ್ಲ ಆ ಕಡೆಯಿಂದಲೇ ಸೀದಾ. ಹೊಂಗೆ ಮರದ ಕೆಳಗೆ ಬರುವುದಕ್ಕೆ ಕಾಗೆ ಮಾತ್ರ. ಅವತ್ತಿನಿಂದ ಅವನು ದಿನಾ ಸಂಜೆ ಬಂದ ಲಾರಿಗಳನ್ನು ಎಣಿಸತೊಡಗಿದ. ಬೈಪಾಸಿನ ಪಕ್ಕ ಜಾಗ ಹಿಡಿಯಲು ದುಡ್ಡಿರಬೇಕು, ಇಲ್ಲವೇ ದೊಡ್ಡವರ ಪರಿಚಯವಿರಬೇಕು. ಇವನ ಹತ್ತಿರ ಇದ್ದದ್ದು ಕಂಪ್ರೆಸರು.

ಆ ವರ್ಷ ಮಳೆ ಹೊಯ್ದ ಪರಿ ಕೇಳಬೇಡಿ. ವರ್ಷಗಟ್ಟಲೆ ದನ ಮೇಯುತ್ತಿದ್ದ ಕೆರೆಯಂಗಳ ಸಮುದ್ರವಾಯಿತು. ಊರಿನವರು ಕೆಲಸ ಬಿಟ್ಟು ಏರಿಯ ಮೇಲೆ ನಿಂತು ನೀರು ನೋಡುವುದೇ ಕೆಲಸ ಮಾಡಿಕೊಂಡರು. ಅಂಥ ಒಂದು ಭಾನುವಾರ, ಮೇಲೆ ಏನೋ ಗಂಟು ಕಟ್ಟಿಕೊಂಡ ಜೀಪೊಂದು ಹೊಂಗೆ ಮರದ ಕೆಳಗೆ ಬಂದು ನಿಂತಿತು. ಇಳಿದವರು ತುಮಕೂರಿನ ಅನಂತರಾಜು, ಬ್ಯಾಂಕಿನಲ್ಲಿ ಅಧಿಕಾರಿ. ಜೊತೆಗೆ ಹೆಂಡತಿ ಸುಧಾ ಮತ್ತು ಬೆಂಗಳೂರಿನ ಇಬ್ಬರು ಸ್ನೇಹಿತರು.

"ಗಾಳಿ ಹೊಡೀತೀರಾ?" ಎಂದರು ಅನಂತರಾಜು.

"ಯಾವ ಚಕ್ರ ಸಾರ್?"

"ಚಕ್ರ ಅಲ್ಲ, ದೋಣಿ."

ಗಂಟು ಬಿಚ್ಚಿದರೆ ರಬ್ಬರ್ ದೋಣಿ. ಯಾರದೋ ತಮ್ಮ ಫಾರಿನ್ನಿನಿಂದ ಕಳಿಸಿದ್ದಂತೆ. ಪಾಷಾ ಜನ್ಮದಲ್ಲಿ ಅಂಥದ್ದು ನೋಡಿರಲಿಲ್ಲ. ಆದರೆ ಗಾಳಿ ತುಂಬುವ ವಸ್ತು ಯಾವುದಾದರೇನು, ಅದು ಅವನ ಜಾತಿಯದೇ. ಕಂಪ್ರೆಸರಿನ ಮೂತಿ ದೋಣಿಯ ಬಾಯಿಗೆ ಕೂರಲಿಲ್ಲ. ಬಟ್ಟೆ ಸುತ್ತಿ, ಕೈಯಲ್ಲಿ ಒತ್ತಿ ಹಿಡಿದು, ಹೇಗೋ ಉಬ್ಬಿಸಿ ಕೊಟ್ಟ. ಅವರು ಖುಷಿಯಿಂದ ನೀರಿಗಿಳಿದರು.

ತಾಪತ್ರಯ ಶುರುವಾದದ್ದು ಅವರು ವಾಪಸು ಬರುವಾಗ. ನಮ್ಮ ಕೆರೆಗಳಿಗೆ ದೋಣಿ ನಿಲ್ಲಿಸುವ ಜಾಗ ಅಂತ ಯಾರು ಯಾವ ಕಾಲದಲ್ಲಿ ಮಾಡಿದ್ದಾರೆ ಹೇಳಿ? ಏರಿಯ ಕಡೆ ಕಡಿದಾದ ಕಲ್ಲುಕಟ್ಟಣೆ, ಪಾಚಿ ಹಿಡಿದು ಜಾರುತ್ತದೆ. ಇನ್ನುಳಿದ ಮೂರು ದಿಕ್ಕು ಕೆಸರು, ಆ ಕೆಸರಿನ ತುಂಬ ನೀರಲ್ಲಿ ಮುಳುಗಿದ ಜಾಲಿ ಗಿಡ. ಪಾಪ, ಅವರು ಜಾಲಿಯ ಮೇಲೆಯೇ ಎಳೆದರು. ದೋಣಿ ಬುಸ್ ಅಂದಿತು.

ಪಾಷಾ ಪ್ಯಾಚು ಹಾಕಿದ. ಖುರ್ಷಿದಾ ಟೀ ಕೊಟ್ಟಳು, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಸುಧಾ ಕೆರೆಯ ಕಡೆ ನೋಡುತ್ತಾ, "ಎಷ್ಟ್ ಚೆನ್ನಾಗಿದೆ ಕಣ್ರೀ ಇದು. ಊರೂರು ಸುತ್ತೋದೇ ಬೇಡ. ಇಲ್ಲಿಗೇ ಬರ್ತಾ ಇರಬಹುದು," ಎಂದಳು.

"ಬರಬಹುದು. ಆದ್ರೆ ದೋಣಿ ಎಲ್ಲಿ ಇಳಿಸೋದು, ಎಲ್ಲಿ ಕಟ್ಟೋದು?" ಎಂದರು ಅನಂತರಾಜು. "ನಮ್ಮದೊಂದು ಗುಂಪಿದೆ ಪಾಷಾ. ಆರೇಳು ದೋಣಿ ಇವೆ. ಜಾಗ ಸರಿ ಇದ್ರೆ ಇದನ್ನೇ ನಮ್ಮ ಕಾಯಂ ಜಾಗ ಮಾಡ್ಕೋತೀವಿ. ನಿಮಗೂ ಪ್ರತಿ ವಾರ ಕೆಲಸ."

ಪ್ರತಿ ವಾರ ಕೆಲಸ! ಆ ಮಾತು ಕಿವಿಗೆ ಬಿದ್ದದ್ದೇ ಪಾಷಾನ ಕಣ್ಣ ಮುಂದಿನ ಹಳದಿ ಕಲ್ಲುಗಳು ಒಂದೊಂದಾಗಿ ಕಿತ್ತು ಬಿದ್ದವು. ಲಾರಿ ಹೋದರೆ ಹೋಗಲಿ ಅತ್ಲಾಗೆ. ಕೆರೆ ಎಲ್ಲಿಗೂ ಹೋಗುವುದಿಲ್ಲವಲ್ಲ. ಗಾಳಿ ಹೊಡೆಯಲು ತಾನು, ಅಡುಗೆಗೆ ಬೇಗಂ.

"ಬರೋ ಭಾನುವಾರದ ಮುಂದಿನ ಭಾನುವಾರ ಎಲ್ಲಾರ್ನೂ ಕರ್ಕೊಂಡ್ ಬನ್ನಿ ಸಾರ್. ದೋಣಿ ಕಟ್ಟೋಕೆ ಫಸ್ಟ್ ಕ್ಲಾಸ್ ಜಾಗ ಇರುತ್ತೆ. ನಾನಿದೀನಿ," ಎಂದುಬಿಟ್ಟ.

ಜೀಪು ಮರೆಯಾದದ್ದೇ ಖುರ್ಷಿದಾ ಕನ್ನಡಕ್ಕಿಳಿದಳು. "ಕೆರೆ ಏನು ನಿಮ್ಮಪ್ಪ ಬರೆದಿಟ್ಟು ಹೋಗಿದ್ದಾ? ಯಾರ್ನ ಕೇಳಿ ಜಾಗ ಕೊಡ್ತೀನಿ ಅಂದ್ರಿ?"

"ಒಂದು ಹಗ್ಗ ಕಟ್ಟೋ ಅಷ್ಟು ಜಾಗ ಕಣೇ. ಇಷ್ಟ್ ದೊಡ್ಡ ಕೆರೆ. ಯಾರು ಬೇಡ ಅಂತಾರೆ?"

ಯಾರು ಬೇಡ ಅಂತಾರೆ ಎಂಬುದು ಮರುದಿನದಿಂದಲೇ ಗೊತ್ತಾಗತೊಡಗಿತು.

ಮೊದಲು ಹೋದದ್ದು ಗಂಗಮ್ಮನ ಗುಡಿಗೆ. ಇಡೀ ಕೆರೆಗೆ ಒಳ್ಳೆಯ ಮೆಟ್ಟಿಲು ಇರುವುದು ಅಲ್ಲಿ ಮಾತ್ರ. ಪೂಜಾರಿ ಪರಮಶಿವಯ್ಯ ಕೆಟ್ಟವನಲ್ಲ. ಅವನ ಲೂನಾಕ್ಕೆ ಪಾಷಾ ಎಷ್ಟೋ ಸಲ ಪುಗಸಟ್ಟೆ ಗಾಳಿ ಹೊಡೆದಿದ್ದ. ಅವನು ಎಲ್ಲ ಕೇಳಿಕೊಂಡು, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೇಳಿದ: "ನೋಡು ಪಾಷಣ್ಣ, ನೀನು ಕೇಳಿದ್ರೆ ನಾನು ಇಲ್ಲ ಅಂತೀನಾ? ಆದ್ರೆ ಕೆರೆ ಕೋಡಿ ಬೀಳೋ ಹಂಗೈತೆ. ಬಿತ್ತು ಅಂದ್ರೆ ಬಾಗಿನ ಬಿಡ್ಬೇಕು, ತೆಪ್ಪ ಬಿಡ್ಬೇಕು. ಆ ಪ್ಯಾಟೆಯೋರು ಚಪ್ಲಿ ಹಾಕ್ಕಂಡು ಅದೇ ಮೆಟ್ಲು ಹತ್ತುದ್ರೆ ಹೆಣ್ಮಕ್ಳು ನನ್ನ ಸುಮ್ನೆ ಬುಟ್ಟಾರಾ?"

"ಚಪ್ಲಿ ಬಿಡಿಸ್ತೀನಿ."

"ಬಾಟ್ಲು? ಅದನ್ನೂ ಬಿಡಿಸ್ತೀಯಾ?"

ಪಾಷಾ ಸೈಕಲ್ ಹತ್ತಿದ.

ಆಮೇಲೆ ಬಟ್ಟೆ ಒಗೆಯುವ ಕಲ್ಲುಗಳ ಕಡೆ ಹೋದ. ಅಲ್ಲಿ ನೀರು ಒಂದು ಹದದಲ್ಲಿ ನಿಲ್ಲುತ್ತದೆ, ಕಲ್ಲು ಚಪ್ಪಟೆ, ಜಾಲಿ ಇಲ್ಲ. ದೋಣಿಗೆ ಹೇಳಿ ಮಾಡಿಸಿದ ಜಾಗ. ಆದರೆ ಆ ಕಲ್ಲುಗಳ ಸಾಮ್ರಾಜ್ಯ ಸಿದ್ದಲಕ್ಷ್ಮಮ್ಮನದು. ಗಟ್ಟಿ ಹೆಂಗಸು. ಅವಳ ಬಾಯಿಗೆ ಅಂಜಿ ನೀರುಕೋಳಿಗಳೂ ದೂರ ಈಜುತ್ತವೆ ಎಂದು ಊರಲ್ಲಿ ತಮಾಷೆ. ಪಾಷಾ ಇನ್ನೂ ಪೂರ್ತಿ ಹೇಳಿ ಮುಗಿಸಿರಲಿಲ್ಲ, ಅವಳು ಒದ್ದೆ ಸೀರೆಯನ್ನು ಕಲ್ಲಿಗೆ ಫಟೀರ್ ಅಂತ ಬಡಿದಳು.

"ನಮ್ ಕಲ್ಲಿಗೆ ದೋಣಿ ಕಟ್ಟುದ್ರೆ ನಾವು ಬಟ್ಟೆ ಯಾರ್ ತಲೆ ಮ್ಯಾಲೆ ಒಗೀಬೇಕು, ನಿನ್ ತಲೆ ಮ್ಯಾಲಾ?"

"ಭಾನುವಾರ ಒಂದಿನ ಅಕ್ಕ..."

"ಭಾನ್ವಾರವೇ ಕಣಣ್ಣ ನಮ್ಗೆ ಮೂಟೆ ಬಟ್ಟೆ. ನಾವು ಸೀರೆ ಎತ್ತಿ ಕಟ್ಕಂಡು ನಿಂತಿರ್ತೀವಿ, ಆ ಗಂಡಸ್ರು ಕ್ಯಾಮ್ರಾ ಹಿಡ್ಕಂಡು ಬತ್ತಾರೆ. ಸರಿ ಹೋಯ್ತದಾ ಅದು? ಹೋಗು ಹೋಗು, ಬ್ಯಾರೆ ನೋಡ್ಕೋ."

ಹೋಗಲಿ ತೂಬಿನ ಹತ್ತಿರ ನೋಡೋಣ ಅಂತ ನೀರುಗಂಟಿ ಚಿಕ್ಕಹನುಮಯ್ಯನ ಬಳಿ ಹೋದ. ಗದ್ದೆಗೆ ನೀರು ಬಿಡುವ ಕೆಲಸದ ಮುದುಕ. ತೂಬಿನ ಕಲ್ಲುಕಂಬ ತನ್ನ ಹೆಂಡತಿಯ ತವರಿಂದ ಬಂದದ್ದು ಅನ್ನುವ ಹಾಗೆ ಕಾಯುತ್ತಾನೆ. "ಏನ್ಲಾ ಪಾಷಾ, ತಲೆ ನೆಟ್ಟಗೈತಾ ನಿಂಗೆ? ತೂಬು ಎತ್ತುದ್ರೆ ಎಮ್ಮೇನೂ ಎಳ್ಕತದೆ. ನಿನ್ ರಬ್ಬರ್ ದೋಣಿ ಯಾವ ಲೆಕ್ಕ?" ಎಂದು ಬೀಡಿ ಹಚ್ಚಿದ. "ಯಾವಾನಾದ್ರೂ ಸತ್ತ ಅಂದ್ರೆ ಪೋಲೀಸ್ನೋರು ಮೊದ್ಲು ಹಿಡಿಯೋದು ನನ್ನ."

ಇನ್ನು ಕಚೇರಿಗಳು. ಒಂದು ಕಡೆ ಹೋದರೆ ನೀರು ಮಾತ್ರ ನಮ್ಮದು ಅಂದರು. ಇನ್ನೊಂದು ಕಡೆ, ಮೀನು ಮಾತ್ರ ನಮ್ಮದು. ಮತ್ತೊಂದು ಕಡೆ, ಏರಿ ಮೇಲಿನ ರಸ್ತೆ ನಮ್ಮದು, ಕೆಳಗಿನದು ಗೊತ್ತಿಲ್ಲ. ಹಾಗಾದರೆ ನೀರಿನ ಮೇಲೆ ತೇಲುವ ದೋಣಿ ಯಾರದು ಸ್ವಾಮಿ ಅಂದರೆ, ಮುಖ ಮುಖ ನೋಡಿಕೊಂಡು ಟೀಗೆ ಎದ್ದು ಹೋದರು. ವಾರಪೂರ್ತಿ ಓಡಾಡಿ ಪಾಷಾನ ಕಾಲು ಸೋತವು, ತಲೆ ಕೆಟ್ಟು ಮೊಸರಾಯಿತು. ಎಂಥಾ ಜನವಪ್ಪಾ ಇವರು! ಇವರ ಸೈಕಲ್ಲು, ಇವರ ಮೊಪೆಡ್ಡು, ಇವರ ಮದುವೆ ಮನೆಯ ಪೆಟ್ರೋಮ್ಯಾಕ್ಸು, ಯಾವುದಕ್ಕೆ ಇವನು ಇಲ್ಲ ಅಂದಿದ್ದ? ಇವನು ಕೇಳಿದ್ದು ಜನ್ಮದಲ್ಲಿ ಒಂದೇ ಒಂದು. ಒಂದು ಹಗ್ಗ ಕಟ್ಟುವಷ್ಟು ಜಾಗ.

"ಫೋನ್ ಮಾಡಿ ಬರ್ಬೇಡಿ ಅಂತ ಹೇಳಿಬಿಡಿ," ಎಂದಳು ಖುರ್ಷಿದಾ. ಈ ಸಲ ಉರ್ದುವಿನಲ್ಲಿ, ಮೆಲ್ಲಗೆ. ಅವಳಿಗೂ ಒಳಗೊಳಗೇ ಆಸೆ ಹುಟ್ಟಿತ್ತು.

"ಹೇಳಲ್ಲ," ಎಂದು ಪಾಷಾ ಎದ್ದ. "ಯಾರ ಕಲ್ಲೂ ಬೇಡ, ಯಾರ ಮೆಟ್ಲೂ ಬೇಡ. ನೀರಿನ ಮೇಲೇ ಕಟ್ತೀನಿ ಜಾಗಾನ."

ಅವನ ಅಂಗಡಿಯ ಹಿಂದೆ ಲಾರಿ ಟ್ಯೂಬುಗಳು ರಾಶಿ ಬಿದ್ದಿದ್ದವು. ಬೇಸಿಗೆಯಲ್ಲಿ ಬಾವಿಯಲ್ಲಿ ಈಜು ಕಲಿಯುವವರಿಗೆ ಬಾಡಿಗೆಗೆ ಕೊಡುತ್ತಿದ್ದ ಟ್ಯೂಬುಗಳು. ಎಲ್ಲಕ್ಕೂ ಗಾಳಿ ತುಂಬಿದ. ಸೋರುವುದಕ್ಕೆ ಪ್ಯಾಚು ಹಾಕಿದ. ಮೇಲೆ ಬಿದಿರು ಗಳ ಬಿಗಿದು, ಅದರ ಮೇಲೆ ಸೆಂಟ್ರಿಂಗ್ ಹಲಗೆ ಹಾಸಿ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದ. ದೋಣಿಯ ಹಗ್ಗ ಬಿಗಿಯಲು ನಾಲ್ಕು ಮೂಲೆಗೆ ನಾಲ್ಕು ಕಂಬ ನಿಲ್ಲಿಸಿದ. ದೂರದಿಂದ ಕಾಣಲಿ ಎಂದು ಖುರ್ಷಿದಾ ತನ್ನ ಹಳೇ ಕೆಂಪು ಸೀರೆ ಹರಿದು ಕಂಬದಿಂದ ಕಂಬಕ್ಕೆ ಬಾವುಟದ ಹಾಗೆ ಕಟ್ಟಿಕೊಟ್ಟಳು. ಗುಡಿಯ ಮೆಟ್ಟಿಲಿಗೂ ಬಟ್ಟೆ ಕಲ್ಲಿಗೂ ನಡುವೆ ಯಾರದೂ ಅಲ್ಲದ ಒಂದು ತುಂಡು ಕಲ್ಲುಕಟ್ಟಣೆ ಇತ್ತು. ಶನಿವಾರ ಸಂಜೆ ಅಲ್ಲಿ ಅದನ್ನು ನೀರಿಗೆ ಬಿಟ್ಟು, ಹಗ್ಗವನ್ನು ಏರಿಯ ಮೇಲಿನ ಮರಕ್ಕೆ ಕಟ್ಟಿದರು. ಪಾಷಾ ಅದರ ಮೇಲೆ ನಿಂತು ಕುಣಿದು ನೋಡಿದ. ಅಲುಗಿತು, ಮುಳುಗಲಿಲ್ಲ. ಅವನ ಮುಖ ನೋಡಬೇಕಿತ್ತು ನೀವು.

ಅದೇ ಸಂಜೆ ಕೆರೆ ತುಂಬಿ ಕೋಡಿ ಬಿತ್ತು.

ಇಲ್ಲೊಂದು ಮಾತು ಹೇಳಬೇಕು. ಆ ಊರಲ್ಲಿ ಕೆರೆ ಕೋಡಿ ಬಿದ್ದ ಮರುದಿನ ಗಂಗಮ್ಮನನ್ನು ತೆಪ್ಪದ ಮೇಲೆ ಕೂರಿಸಿ ನೀರಿಗೆ ಬಿಡುತ್ತಾರೆ. ಆ ತೆಪ್ಪ ಹರಕೆಯದು. ಮನಸ್ಸಿನಲ್ಲಿ ಏನೋ ಬೇಡಿಕೊಂಡವರು ಕದ್ದುಮುಚ್ಚಿ ಮಾಡಿ, ಯಾರಿಗೂ ಹೇಳದೆ ದಡದಲ್ಲಿ ತಂದು ಬಿಟ್ಟು ಹೋಗಬೇಕು. ಮಾಡಿದ್ದು ನಾನೇ ಅಂತ ಬಾಯಿ ಬಿಟ್ಟರೆ ಹರಕೆ ಮುರಿಯುತ್ತದೆ. ತೆಪ್ಪ ತಾನಾಗಿಯೇ ತೇಲಿ ದಡ ಸೇರುವ ತನಕ ಯಾರೂ ಮುಟ್ಟುವಂತಿಲ್ಲ. ಪೂಜಾರಿ ತೆಪ್ಪದ ಮಾತೆತ್ತಿದ್ದರೂ, ಕೆರೆ ತುಂಬಿ ಎಷ್ಟೋ ವರ್ಷವಾಗಿದ್ದರಿಂದ ಪಾಷಾನಿಗೆ ಈ ಹರಕೆಯ ಕಟ್ಟಳೆ ನೆನಪಿಗೇ ಬರಲಿಲ್ಲ. ನೆನಪಿಗೆ ಬಂದಿದ್ದರೂ ತನ್ನ ಟ್ಯೂಬಿಗೂ ಗಂಗಮ್ಮನಿಗೂ ಗಂಟು ಬೀಳುತ್ತದೆ ಎಂದು ಯಾವ ಪುಣ್ಯಾತ್ಮ ಊಹಿಸಿಯಾನು?

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಪಾಷಾ ತುಮಕೂರಿಗೆ ಹೋದ. ದೋಣಿಯ ಬಾಯಿಗೆ ಸರಿಯಾಗಿ ಕೂರುವ ಮೂತಿ ಅಲ್ಲಿನ ಒಂದು ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಖುರ್ಷಿದಾ ಮನೆಯಲ್ಲಿ ಬರುವವರಿಗೆಂದು ಬಿರಿಯಾನಿ ಮಾಡಲು ಕೂತಿದ್ದಳು. ಮೂತಿ ಸಿಕ್ಕಿತು. ಅದನ್ನು ಜೇಬಿನಲ್ಲಿಟ್ಟುಕೊಂಡು ಮದುಮಗನ ಹಾಗೆ ಕುಣಿಗಲ್ಲಿನಲ್ಲಿ ಬಸ್ಸಿಳಿದರೆ ಕಿವಿಗೆ ಬಿದ್ದದ್ದು ತಮಟೆ ಮತ್ತು ಓಲಗ.

ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಜನರನ್ನು ನೂಕಿಕೊಂಡು ಮುಂದೆ ಹೋಗಿ ನೋಡುತ್ತಾನೆ, ಅವನ ಟ್ಯೂಬಿನ ಕಟ್ಟೆ! ನಾಲ್ಕು ಕಂಬಕ್ಕೂ ಬಾಳೆಕಂದು, ಮಾವಿನ ತೋರಣ. ಕೆಂಪು ಸೀರೆಯ ಮೇಲೆ ಹೂವಿನ ಹಾರ. ಹಲಗೆಯ ಮೇಲೆ ರಂಗೋಲಿ, ನಡುವೆ ಕಳಶ. ಟ್ಯೂಬುಗಳಿಗೆ ಅರಿಶಿನ ಕುಂಕುಮ. ಪರಮಶಿವಯ್ಯ ಮಂಗಳಾರತಿ ಎತ್ತುತ್ತಿದ್ದ.

"ಏಯ್! ಏಯ್ ನಿಲ್ಸಿ! ಅದು ನಂದು! ನಾನ್ ಮಾಡಿರೋದು!" ಎಂದು ಪಾಷಾ ಕೂಗಿಕೊಂಡ.

ಸಿದ್ದಲಕ್ಷ್ಮಮ್ಮ ಓಡಿಬಂದು, ಇನ್ನೊಂದು ಮಾತಾಡಿದರೆ ಬಾಯಿಗೇ ಕೈ ಇಡುವವಳ ಹಾಗೆ ನಿಂತಳು. "ಶ್! ಹೇಳ್ಬಾರ್ದು ಕಣಣ್ಣ, ಹೇಳ್ಬಾರ್ದು! ಹರಕೆ ಮುರಿದೋಯ್ತದೆ!"

"ಯಾವ ಹರಕೆ? ಹರಕೆ ಗಿರಕೆ ಏನಿಲ್ಲ ಅಕ್ಕ. ದೋಣಿಯೋರು ಬತ್ತಾರೆ ಈಗ. ನಾನು ಅವ್ರಿಗೆ..."

"ಗೊತ್ತಾಯ್ತು ಬುಡು. ನಾವ್ ಯಾರೂ ಜಾಗ ಕೊಡ್ಲಿಲ್ಲ ಅಂತ ನೀನು ಸೀದಾ ಗಂಗಮ್ಮನ್ನೇ ಕೇಳ್ಕಂಡೆ. ನಿನ್ ಮನಸು ದೊಡ್ದು ಕಣಣ್ಣ." ಅವಳ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು.

ಪಾಷಾ ಚಿಕ್ಕಹನುಮಯ್ಯನ ಕಡೆ ತಿರುಗಿದ. "ನೀನಾದ್ರೂ ಹೇಳಣ್ಣ, ನಾನು ನಿನ್ ಹತ್ರ ಬಂದು ದೋಣಿ ಕಟ್ಟೋಕೆ ಜಾಗ ಕೇಳ್ಲಿಲ್ವಾ?"

"ಕೇಳ್ದೆ, ಕೇಳ್ದೆ," ಎಂದು ಮುದುಕ ಅವನ ಬೆನ್ನು ತಟ್ಟಿದ. "ಆದ್ರೆ ಹಿಂಗೊಂದು ಮಾಡ್ತೀಯಾ ಅಂತ ಎಲ್ಲಿ ಗೊತ್ತಿತ್ತು? ಭೇಷ್ ಕಣ್ಲಾ. ಈಗ ಬಾಯ್ಮುಚ್ಕಂಡು ಕೈ ಮುಗಿ."

ಅವನು ಅಲ್ಲ ಅಂದಷ್ಟೂ ಅವರು ಹೌದು ಅಂದರು. ಕೂಗಿದಷ್ಟೂ ಮೆಚ್ಚಿಕೊಂಡರು. ಮೈ ಪರಚಿಕೊಳ್ಳುವ ಹಾಗಾಯಿತು ಪಾಷಾನಿಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಿತ್ತುಕೊಂಡಿದ್ದರೆ ಜಗಳ ಕಾಯಬಹುದಿತ್ತು. ಹೀಗೆ ಪ್ರೀತಿಯಿಂದ ಬೆನ್ನು ತಟ್ಟುವವರನ್ನು ಏನು ಮಾಡುವುದು? ಊರಿಗೆ ಊರೇ ಕೈ ಮುಗಿದು ನಿಂತಿರುವಾಗ ಕಳಶ ಎತ್ತಿ ಪಕ್ಕಕ್ಕಿಡಿ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಅವನ ಕಣ್ಣೆದುರೇ ಗಳ ಹಾಕಿ ನೂಕಿದರು. ವಾರಪೂರ್ತಿ ಬೇಡಿ, ಎರಡು ದಿನ ಬೆನ್ನು ಮುರಿದು ಕಟ್ಟಿದ ಜಾಗ, ಗಂಗಮ್ಮನನ್ನು ಹೊತ್ತುಕೊಂಡು, ಓಲಗದವರ ಸದ್ದಿನೊಂದಿಗೆ, ನಡುನೀರಿಗೆ ಹೊರಟುಹೋಯಿತು.

ಅಷ್ಟು ಹೊತ್ತಿಗೆ ಜೀಪುಗಳು ಬಂದವು. ಒಂದಲ್ಲ, ಮೂರು.

"ಪಾಷಾ, ಏನ್ರೀ ಇದು, ಹಬ್ಬವಾ?" ಎಂದು ಅನಂತರಾಜು ನಗುತ್ತಾ ಇಳಿದರು. "ಎಲ್ಲಿ ನಮ್ಮ ಜಾಗ?"

ಪಾಷಾ ಕೆರೆಯ ನಡುವಿಗೆ ಕೈ ತೋರಿಸಿದ. ಅವರಿಗೆ ಅರ್ಥವಾಗಲಿಲ್ಲ. ಪಾಷಾ ಕಂಪ್ರೆಸರಿನ ಕಡೆ ನಡೆದ. "ಗಾಳಿ ಹೊಡ್ಕೊಡ್ತೀನಿ ಬನ್ನಿ ಸಾರ್. ನಾನಿದೀನಿ," ಎಂದ. ಹೊಸ ಮೂತಿ ದೋಣಿಯ ಬಾಯಿಗೆ ಕರಾರುವಾಕ್ಕಾಗಿ ಕೂತಿತು. ಸರಿಹೋದದ್ದು ಅವತ್ತು ಅದೊಂದೇ.

ಗುಡಿಯ ಮೆಟ್ಟಿಲ ತುಂಬ ಬಾಗಿನದ ಹೆಂಗಸರು. ಬಟ್ಟೆ ಕಲ್ಲಿನ ಮೇಲೆಲ್ಲ ಅವರ ಬಾಗಿನದ ಮೊರಗಳು, ಬುಟ್ಟಿಗಳು, ಮಕ್ಕಳು. ಉಳಿದದ್ದು ಆ ಜಾರುವ ಕಲ್ಲುಕಟ್ಟಣೆ. ಪಾಷಾ ಲುಂಗಿ ಎತ್ತಿ ಕಟ್ಟಿಕೊಂಡು ಸೊಂಟದ ಮಟ್ಟ ನೀರಿಗಿಳಿದ. ಒಂದೊಂದೇ ದೋಣಿಯನ್ನು ಎದೆಗೊತ್ತಿ ಹಿಡಿದು ನಿಂತ, ಜನ ಅವನ ಹೆಗಲ ಮೇಲೆ ಕೈಯೂರಿ ಹತ್ತಿದರು. ಅವರು ಒಂದು ಸುತ್ತು ಹೋಗಿ ಬಂದು ನಿಂತಾಗ ಹಗ್ಗಗಳನ್ನೆಲ್ಲ ಕೈಗೆ ಸುತ್ತಿಕೊಂಡು ನಿಂತ. ಗಾಳಿ ಬೀಸಿದಾಗ ದೋಣಿಗಳು ಅವನನ್ನು ಆ ಕಡೆ ಎಳೆದವು, ಈ ಕಡೆ ಎಳೆದವು. ಅಂಗಾಲಿನ ಕೆಳಗೆ ಪಾಚಿ. ಮಧ್ಯಾಹ್ನ ಪೂರ್ತಿ ಹೀಗೆಯೇ. ಏರಿಯ ಮೇಲಿಂದ ಯಾರೋ, "ಪಾಷಣ್ಣ ಹರಕೆ ತೀರಿಸ್ತಾವ್ನೆ ನೋಡ್ರೋ," ಎಂದರು. ಹೊಟ್ಟೆ ಉರಿದುಹೋಯಿತು ಅವನಿಗೆ. ಆದರೂ ಹಗ್ಗ ಬಿಡಲಿಲ್ಲ.

ಕೊನೆಗೆ ದೋಣಿಯಿಂದ ಇಳಿಯುವಾಗ ಸುಧಾ ಜಾರಿದಳು. ಪಾಷಾ ಒಂದು ಕೈ ಚಾಚಿದ, ಎಟುಕಲಿಲ್ಲ. ಇನ್ನೊಂದು ಕೈಯಲ್ಲಿ ಹಗ್ಗಗಳಿದ್ದವು. ಅವಳ ಮಂಡಿ ಕಲ್ಲಿಗೆ ತರಚಿ ರಕ್ತ ಬಂತು. ದೊಡ್ಡ ಗಾಯವೇನಲ್ಲ. ಖುರ್ಷಿದಾ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಎಲ್ಲರೂ ಬಿರಿಯಾನಿ ತಿಂದರು, ಹೊಗಳಿದರು, ತೆಪ್ಪದ ಫೋಟೋ ಹಿಡಿದುಕೊಂಡರು.

ಹೊರಡುವ ಮುಂಚೆ ಅನಂತರಾಜು ಪಾಷಾನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ, ಹೇಳಲು ಅವರಿಗೂ ಕಷ್ಟವಾಗುತ್ತಿತ್ತು. "ಪಾಷಾ, ನಿಮ್ಮಂಥೋರು ಸಿಗಲ್ಲ. ಆದ್ರೆ ಪ್ರತಿ ಸಲ ನೀವು ನೀರಲ್ಲಿ ನಿಂತ್ಕೊಂಡು ಹಗ್ಗ ಹಿಡಿಯೋಕಾಗುತ್ತಾ? ಹೆಂಗಸರು ಮಕ್ಕಳು ಬರ್ತಾರೆ. ಕೆ.ಆರ್.ಎಸ್. ಹಿನ್ನೀರಿನ ಹತ್ರ ಒಂದ್ಕಡೆ ದೋಣಿ ನಿಲ್ಸೋಕೆ ಸರಿಯಾದ ಕಟ್ಟೆ ಇದೆಯಂತೆ. ನಾವು ಅಲ್ಲೇ ಗೊತ್ತು ಮಾಡ್ಕೋತೀವಿ. ತಪ್ಪು ತಿಳ್ಕೋಬೇಡಿ."

"ಅಯ್ಯೋ, ಇಲ್ಲ ಸಾರ್," ಎಂದ ಪಾಷಾ.

ಮೂರು ಜೀಪುಗಳೂ ಹೋದವು. ಸಂಜೆಯಾಗುತ್ತಿತ್ತು. ಅವನು ಒದ್ದೆ ಲುಂಗಿಯಲ್ಲೇ ಹೊಂಗೆ ಮರದ ಕೆಳಗೆ ಕೂತಿದ್ದ. ಅಂಗೈಯಲ್ಲಿ ಹಗ್ಗದ ಬರೆ ಎದ್ದಿತ್ತು. ಖುರ್ಷಿದಾ ಒಲೆ ಹಚ್ಚಿ ಟೀ ಕಾಯಿಸುತ್ತಿದ್ದಳು, ಯಾವ ಭಾಷೆಯಲ್ಲೂ ಏನೂ ಅನ್ನಲಿಲ್ಲ. ಆಗ ಸಿದ್ದಲಕ್ಷ್ಮಮ್ಮ ಬಾಳೆಲೆಯಲ್ಲಿ ತಂಬಿಟ್ಟು, ಬಾಳೆಹಣ್ಣು ಹಿಡಿದು ಬಂದಳು. ಹಿಂದೆಯೇ ಚಿಕ್ಕಹನುಮಯ್ಯ, ಪರಮಶಿವಯ್ಯ.

"ತಗೋ ಪಾಷಣ್ಣ, ಮೊದ್ಲು ನಿಂಗೇ ಕೊಡ್ಬೇಕು ಅಂತ ತಂದೆ," ಎಂದಳು. "ಇಂಥಾ ತೆಪ್ಪ ನಮ್ಮಪ್ಪನ್ ಕಾಲ್ದಾಗೂ ನೋಡಿರ್ಲಿಲ್ಲ ಕಣಣ್ಣ. ಒಂದ್ ಹನಿ ನೀರು ಮ್ಯಾಲ್ಕೆ ಬರ್ಲಿಲ್ಲ. ಮುಂದಿನ್ ಸಲ ಇನ್ನೊಂಚೂರು ಅಗ್ಲ ಮಾಡು."

ಅಷ್ಟೇ. ಎರಡು ವಾರದಿಂದ ನುಂಗಿಕೊಂಡಿದ್ದದ್ದೆಲ್ಲ ಒಟ್ಟಿಗೇ ಬಂತು.

"ಒಂದು ಹಗ್ಗ ಕಟ್ಟೋ ಜಾಗ ಕೇಳ್ದೆ ಕಣಕ್ಕ! ಒಂದು ಹಗ್ಗ! ನಿನ್ ಕಲ್ಲು ಕೊಡ್ಲಿಲ್ಲ, ಇವ್ನು ಮೆಟ್ಲು ಕೊಡ್ಲಿಲ್ಲ, ಅವ್ನು ತೂಬಿನ್ ಹತ್ರ ಸೇರಿಸ್ಲಿಲ್ಲ. ಹೋಗ್ಲಿ ಅಂತ ನಾನೇ ಮಾಡ್ಕೊಂಡ್ರೆ ಅದನ್ನೂ ತಗೊಂಡೋದ್ರಿ. ಹರಕೆ ಅಲ್ಲ ಅದು. ಕಟ್ಟೆ! ದೋಣಿ ಕಟ್ಟೆ!" ಅವನು ಊರಾಚೆಯ ಹೊಲಗಳ ಕಡೆ ಕೈ ಬೀಸಿದ. "ಆ ಜೀಪ್ನೋರಿಗೋಸ್ಕರ ಕೇಳ್ದೆ ಅಂತ ತಿಳ್ಕೊಂಡ್ರಾ? ಅವ್ರಿಗೇನು, ಈ ಕೆರೆ ಇಲ್ದಿದ್ರೆ ಇನ್ನೊಂದು. ಬೈಪಾಸ್ ಆದ್ರೆ ಒಂದು ಲಾರಿ ಈ ಕಡೆ ಬರಲ್ಲ. ಆವಾಗ ನಾನೆಲ್ಲಿ ನಿಂತ್ಕೊಳ್ಲಿ? ನಂಗೋಸ್ಕರ ಕೇಳಿದ್ದು ಅಕ್ಕ. ನಂಗೆ ಜಾಗ ಕೇಳಿದ್ದು."

ಚಿಕ್ಕಹನುಮಯ್ಯ ಹಚ್ಚಿದ ಬೀಡಿಯನ್ನು ಸೇದದೆ ಕೈಯಲ್ಲೇ ಹಿಡಿದುಕೊಂಡಿದ್ದ. ಪರಮಶಿವಯ್ಯ ಕೆರೆಯ ಕಡೆ ನೋಡಿದ. ನಡುನೀರಲ್ಲಿ ತೆಪ್ಪ ನಿಧಾನವಾಗಿ ತಿರುಗುತ್ತಿತ್ತು, ದಡದ ಕಡೆ ಬರುವ ಸೂಚನೆಯೇ ಇರಲಿಲ್ಲ.

"ಅಯ್ಯೋ ಶಿವನೇ," ಎಂದಳು ಸಿದ್ದಲಕ್ಷ್ಮಮ್ಮ. ಬಾಳೆಲೆಯನ್ನು ಖುರ್ಷಿದಾಳ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡಳು. "ಇದ್ನ ಅವತ್ತೇ ಹೇಳ್ಬಾರ್ದಿತ್ತೇನಣ್ಣ? ದೋಣಿಯೋರ್ಗೆ, ದೋಣಿಯೋರ್ಗೆ ಅಂತಿದ್ದೆ ನೀನು. ನಿಂಗೆ ಅಂದಿದ್ರೆ ನಾನು ಇಲ್ಲ ಅಂತಿದ್ನಾ? ಬಟ್ಟೆ ನಾವು ಇನ್ನೊಂದಿನ ಒಗ್ಕತಿದ್ವಿ." ಅವಳು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. "ಆಗಿದ್ದಾಯ್ತು, ಈ ಸಲ ಅವ್ರು ಹೊಂಟೋದ್ರು. ಮುಂದಿನ್ ಸಲ ಕೆರೆ ತುಂಬ್ದಾಗ ಅವ್ರ್ನ ಕರ್ಸು. ನಮ್ ಕಲ್ಲಿಗೇ ಕಟ್ಸು, ಯಾವಳು ಬ್ಯಾಡ ಅಂತಾಳೋ ನಾನ್ ನೋಡ್ಕತೀನಿ. ನೀನಿರ್ತೀಯಲ್ಲ?"

ಮುಂದಿನ ಸಲ. ಆ ಕೆರೆ ಮತ್ತೆ ತುಂಬುವುದು ಯಾವ ವರ್ಷವೋ. ಅಷ್ಟರೊಳಗೆ ಹಳದಿ ಕಲ್ಲುಗಳ ಮೇಲೆ ಡಾಂಬರು ಬಿದ್ದಿರುತ್ತದೆ.

ಪಾಷಾ ಬಾಯಿ ತೆರೆದ. ಊರಿನವರೆಲ್ಲ ನಿದ್ದೆಗಣ್ಣಲ್ಲೂ ಗುರುತು ಹಿಡಿಯುವ ಆ 'ನಾನಿದೀನಿ' ಬರುತ್ತದೆ ಎಂದು ಮೂವರೂ ಕಾದರು. ಬರಲಿಲ್ಲ. ಅವನು ಬಾಯಿ ಮುಚ್ಚಿ, ಅಂಗೈಯ ಬರೆ ಉಜ್ಜಿಕೊಂಡ.

"ನೋಡಣ ಅಕ್ಕ," ಎಂದ.

ಖುರ್ಷಿದಾ ಬೇಗಂ ಒಲೆಯಿಂದ ತಲೆಯೆತ್ತಿ ಗಂಡನ ಮುಖ ನೋಡಿದಳು. ಮದುವೆಯಾದಂದಿನಿಂದ ಅವನ ಬಾಯಲ್ಲಿ ಅವಳು 'ನೋಡಣ' ಅನ್ನುವ ಮಾತು ಕೇಳಿದ್ದು ಅದೇ ಮೊದಲು.